ಪೀಣ್ಯದಿಂದ ಕಲಬುರಗಿಗೆ 600 ಕಿಲೋಮೀಟರ್, ಸೊಂಟ ಸುಮ್ಮನಿತ್ತು: ನನ್ನ ಅನುಭವ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಪೀಣ್ಯ ಬಿಟ್ಟವನು ಸಂಜೆ ಐದೂವರೆಗೆ ಕಲಬುರಗಿಯ ಮನೆ ಮುಂದೆ ಬೈಕ್ ನಿಲ್ಲಿಸಿದೆ. ಹೆಚ್ಚು ಕಡಿಮೆ 600 ಕಿಲೋಮೀಟರ್. ಇಳಿದವನೇ ಬಗ್ಗಿ ಶೂ ಲೇಸ್ ಬಿಚ್ಚಿದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಏನಪಾ, ಗಾಡಿ ರೈಲಿನಾಗ ಹಾಕ್ಕೊಂಡು ಬಂದಿ ಏನು?" ಅಂದಳು. ಅವಳ ಅನುಮಾನ ತಪ್ಪಲ್ಲ. ಎರಡು ವರ್ಷದ ಹಿಂದೆ ಹಳೆ ಗಾಡಿಯಲ್ಲಿ ಹೀಗೇ ಬಂದಾಗ, ಬಗ್ಗೋದಿರಲಿ, ಇಳಿಯೋಕೇ ತಮ್ಮ ಹೆಗಲು ಕೊಟ್ಟಿದ್ದ.

ಒಂದೇ ದಿನದಲ್ಲಿ ಇಷ್ಟು ದೂರ, ಅದೂ ನೋವಿಲ್ಲದೆ, ಆಗಲ್ಲ ಅಂತ ನಮ್ಮ ರೈಡಿಂಗ್ ಬಳಗದಲ್ಲಿ ಅಂದವರೇ ಜಾಸ್ತಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ನನ್ನ ಹಳೆಯದು 350 ಸಿಸಿ. ಊರೊಳಗೆ ರಾಜ. ಹಿರಿಯೂರು ದಾಟುವ ಹೊತ್ತಿಗೆ ಅಂಗೈ ಜುಮ್ಮೆನ್ನೋದು, ಚಳ್ಳಕೆರೆಯಲ್ಲಿ ಟೀ ಲೋಟ ಹಿಡಿದರೆ ಕೈ ನಡುಗೋದು. ಬಳ್ಳಾರಿ ಆದಮೇಲೆ ಒಂದು ಕುಂಡೆ ಎತ್ತಿ ಇನ್ನೊಂದರ ಮೇಲೆ ಕೂರುವ ಸರ್ಕಸ್. 2024ರ ಶುರುವಿನಲ್ಲಿ ಅದನ್ನು 95 ಸಾವಿರಕ್ಕೆ ಕೊಟ್ಟು, ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೊಂಡೆ. 2021ರ ಮಾಡೆಲ್, 19 ಸಾವಿರ ಚಿಲ್ಲರೆ ಓಡಿತ್ತು, 1 ಲಕ್ಷ 60 ಸಾವಿರ. ಹೊಸ 450 ಹಿಂದಿನ ನವೆಂಬರ್‌ನಲ್ಲಷ್ಟೇ ಬಂದಿತ್ತು. ಎಲ್ಲರೂ ಅದರ ಹಿಂದೆ ಬಿದ್ದಿದ್ದರು. ಹಳೆಯದನ್ನು ಮಾರುವವನ ಎದುರು ಚೌಕಾಸಿ ಮಾಡೋಕೆ ಅದಕ್ಕಿಂತ ಒಳ್ಳೆಯ ಟೈಮ್ ಇರಲಿಲ್ಲ.

"ಮಗಾ, 24 ಎಚ್‌ಪಿ ಗಾಡಿಗೆ ಟೂರರ್ ಅಂತೀಯಾ?" ಅಂದ ಒಬ್ಬ. ಇನ್ನೊಬ್ಬ, ಐದೇ ಗೇರು, ಅದೂ ಟ್ಯೂಬ್ ಟೈರು, ದಾರಿಯಲ್ಲಿ ಪಂಕ್ಚರ್ ಆದರೆ ಕೂತು ಅಳ್ತೀಯ ಅಂದ. ನನ್ನ ಲೆಕ್ಕ ಬೇರೆ ಇತ್ತು. ಹಿರಿಯೂರಿನಲ್ಲಿ ಹುಬ್ಬಳ್ಳಿ ರಸ್ತೆ ಬಿಟ್ಟು ಬಳ್ಳಾರಿ ಕಡೆಯ ಹೆದ್ದಾರಿ 150ಎ ಹಿಡಿದರೆ ಆಮೇಲೆ 120ರಲ್ಲಿ ಹೋಗುವ ಮಾತೇ ಇಲ್ಲ. ಎತ್ತಿನ ಗಾಡಿ, ಕುರಿ ಹಿಂಡು, ಊರಿಗೆ ಮೂರು ಹಂಪ್. 80-85ರಲ್ಲಿ ಆರಾಮಾಗಿ ಹೋಗುವ ಗಾಡಿ ಸಾಕು. 15 ಲೀಟರ್ ಟ್ಯಾಂಕ್, ನನ್ನ ಕೈಯಲ್ಲಿ 30ರ ಆಸುಪಾಸು ಮೈಲೇಜ್. ಪೀಣ್ಯದಲ್ಲಿ ತುಂಬಿಸಿದರೆ ಸಿಂಧನೂರಿನವರೆಗೆ ಬಂಕ್ ಕಡೆ ತಿರುಗಿ ನೋಡಲ್ಲ. ಪಂಕ್ಚರ್ ಅಂತೂ, ಟ್ಯೂಬ್ ಬಿಚ್ಚಿ ಪ್ಯಾಚ್ ಹಾಕುವವನು ಮಸ್ಕಿಯಲ್ಲೂ ಇದ್ದಾನೆ, ತಿಂಥಣಿಯಲ್ಲೂ ಇದ್ದಾನೆ. ಒಂದೇ ಸ್ಪೇರ್ ಟ್ಯೂಬ್ ಇಟ್ಟುಕೊಳ್ಳುವವರು ಮುಂದಿನ 21 ಇಂಚಿನದನ್ನೇ ಇಟ್ಟುಕೊಳ್ಳಿ. ಆಪತ್ತಿಗೆ ಹಿಂದಿನ 17ರೊಳಗೂ ಮಡಚಿ ತುರುಕಬಹುದು. ಒಂದು ಸಲ ಹಾಗೇ ಮಾಡಿ 60 ಕಿಲೋಮೀಟರ್ ನಿಧಾನಕ್ಕೆ ಬಂದಿದ್ದೇನೆ.

ಗಾಡಿ ಬದಲಾಯಿಸಿದರೆ ನೋವು ಹೋಗುತ್ತೆ ಅಂದುಕೊಂಡಿದ್ದೆ. ಹೋಗಲಿಲ್ಲ. ಜಾಗ ಬದಲಾಯಿಸಿತು ಅಷ್ಟೇ.

ಅಂಗೈ ಜುಮ್ ನಿಂತಿತು, ನಿಜ. ಹಿಂದಿನ ಓನರ್ ಗ್ರೀಸ್ ಮುಖವನ್ನೇ ನೋಡದೆ ಬಿಟ್ಟಿದ್ದ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಾಯಿಸಿದ ಮೇಲೆ ಹ್ಯಾಂಡಲ್ಲೂ ಬೆಣ್ಣೆ. ಚೈನ್ ಸೆಟ್, ಹಿಂದಿನ ಟೈರು, ಹೆಸರು ವರ್ಗಾವಣೆ ಎಲ್ಲ ಸೇರಿ 17-18 ಸಾವಿರ ಹೋಯಿತು. ಆದರೆ ಮೊದಲ ಉದ್ದ ಪ್ರಯಾಣದಲ್ಲೇ ಬಾಲದ ಮೂಳೆ ಸಿರುಗುಪ್ಪದಲ್ಲಿ ಕೂಗಿತು, ಕತ್ತು ಲಿಂಗಸುಗೂರಿನಲ್ಲಿ.

ಇಲ್ಲಿಂದ ನನ್ನ ದಡ್ಡತನದ ಪಟ್ಟಿ ಶುರು. ಮೊದಲು ಜೆಲ್ ಸೀಟ್ ಪ್ಯಾಡ್, 4,500 ರೂಪಾಯಿ. ಮೊದಲ ಗಂಟೆ ಸ್ವರ್ಗ. ಎರಡನೇ ಗಂಟೆಗೆ ಜೆಲ್ ಬಿಸಿಯಾಗಿ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಆಮೇಲೆ ಗಾಳಿ ತುಂಬುವ ಪ್ಯಾಡ್, ಮೂರೂವರೆ ಸಾವಿರ ಇರಬೇಕು. ಅದರ ಮೇಲೆ ಕೂತರೆ ತಿರುವಿನಲ್ಲಿ ಗಾಡಿ ಒಂದು ಕಡೆ, ನಾನು ಒಂದು ಕಡೆ. ಲಾರಿ ಡ್ರೈವರ್‌ಗಳು ಹಾಕುವ ಮರದ ಮಣಿಯ ಹಾಸನ್ನೂ ಕತ್ತರಿಸಿ ಕಟ್ಟಿ ನೋಡಿದೆ. ಬೆವರು ನಿಂತಿತು, ಆದರೆ ಒಂದೊಂದು ಹಂಪ್‌ಗೂ ಮಣಿಗಳು ಲೆಕ್ಕ ಹೇಳುತ್ತಿದ್ದವು.

ಹ್ಯಾಂಡಲ್ ರೈಸರ್, ಅಂದರೆ ಹ್ಯಾಂಡಲ್ ಎತ್ತರಿಸೋಕೆ ಕೆಳಗೆ ಇಡುವ ತುಂಡು, ಅದರ ಕಥೆ ಇನ್ನೂ ಚೆನ್ನಾಗಿದೆ. ಒಂದು ಇಂಚು ಒಳ್ಳೆಯದಾದರೆ ಎರಡು ಇಂಚು ಇನ್ನೂ ಒಳ್ಳೆಯದು ಅಂತ ಎರಡು ಇಂಚು ಎತ್ತಿಸಿದೆ. ಅಂಗಡಿಯವನು "ಕೇಬಲ್ ಸಾಕಾಗುತ್ತೆ ಸಾರ್" ಅಂದ. ಯಶವಂತಪುರದಲ್ಲಿ ಯೂ ಟರ್ನ್ ಹೊಡೆಯುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿದೆ, ಗಾಡಿ ತಾನಾಗೇ ರೇಸ್ ಆಯಿತು. ಆಕ್ಸಿಲರೇಟರ್ ಕೇಬಲ್ ಬಿಗಿದು ಎಳೆಯುತ್ತಿತ್ತು. ಕ್ಲಚ್ ಒತ್ತಿ ಉಳಿದೆ. ಈಗ ಇರುವುದು ಒಂದೇ ಇಂಚು. ರೈಸರ್ ಹಾಕಿಸಿದವರು ಸ್ಟ್ಯಾಂಡ್ ಹಾಕಿ, ಎಂಜಿನ್ ಆನ್ ಮಾಡಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಸದ್ದು ಕೇಳಿ. ಐಡ್ಲಿಂಗ್ ಏರಿದರೆ ಅಲ್ಲೇ ಬಿಚ್ಚಿಸಿ.

45 ಲೀಟರಿನ ಟಾಪ್ ಬಾಕ್ಸ್ ಹಾಕಿಸಿ ಅದರೊಳಗೆ ಊರಿಗೆ ಎಂದು ಸಾಮಾನು ತುಂಬಿದ್ದೂ ಉಂಟು. 80 ದಾಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೂಗಾಡೋದು. ಈಗ ಭಾರವೆಲ್ಲ ಕೆಳಗೆ, ಎರಡು ಬದಿಯ ಬ್ಯಾಗಿನಲ್ಲಿ. ನೀರು ಮತ್ತು ಟೂಲ್ಸ್ ಟ್ಯಾಂಕ್ ಪಕ್ಕದ ಮುಂದಿನ ಫ್ರೇಮಿಗೆ. ಹಿಂದೆ ರೈನ್‌ಕೋಟ್ ಮಾತ್ರ. ಬಾಕ್ಸ್ ಈಗ ನಮ್ಮ ಮನೆಯಲ್ಲಿ ಈರುಳ್ಳಿ ಡಬ್ಬಿ.

ಎಲ್ಲ ಸೇರಿ ನೀರಿಗೆ ಹಾಕಿದ ದುಡ್ಡು 22 ಸಾವಿರದ ಹತ್ತಿರ. ಹೆಂಡತಿಗೆ 14 ಅಂತ ಹೇಳಿದ್ದೇನೆ.

ಕೊನೆಗೆ ಕೆಲಸ ಆಗಿದ್ದು ಜೆಸಿ ರೋಡ್ ಹತ್ತಿರದ ಒಂದು ಗಲ್ಲಿಯ ಸೀಟ್ ಅಂಗಡಿಯಲ್ಲಿ. ಅರವತ್ತು ದಾಟಿದ ಭಾಯ್ ಒಬ್ಬರು. ನನ್ನ ಪುರಾಣ ಪೂರ್ತಿ ಕೇಳಿಸಿಕೊಂಡು, "ಮೆತ್ತಗಿದ್ರೆ ಸುಖ ಅಂತ ನಿಮಗೆ ಯಾರು ಹೇಳಿದ್ದು ಸಾರ್?" ಅಂದರು. ಸ್ಟೇಪಲ್ ಪಿನ್ ಕಿತ್ತು ರೆಕ್ಸಿನ್ ಸುಲಿದರು. ಬರೀ ಫೋಮ್ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಸೀಟನ್ನು ಗಾಡಿಗೆ ಕೂರಿಸಿ, ಹತ್ತಿ ಅಂದರು. ಹತ್ತಿ ಕೂತೆ. ಎರಡು ನಿಮಿಷ ಅಲ್ಲಾಡಬೇಡಿ ಅಂದರು. ಇಳಿದಾಗ ಫೋಮ್ ಮೇಲೆ ಎರಡು ಗುಂಡಗಿನ ಬೋಳು ಜಾಗ, ಒಂದೊಂದೂ ಎಂಟಾಣೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅವುಗಳಿಂದ ಟ್ಯಾಂಕ್ ಕಡೆಗೆ ಜಾರಿದ ಗೆರೆ. "ನೋಡಿ, ಎರಡು ನಿಮಿಷಕ್ಕೇ ಜಾರಿದ್ದೀರ. ಹತ್ತು ಗಂಟೆ ಜಾರ್ತಾ, ಮತ್ತೆ ಹಿಂದೆ ಹೋಗ್ತಾ ಇರ್ತೀರ. ನೋವು ಅಲ್ಲಿಂದ ಬರೋದು."

ಅಷ್ಟೇ ವಿಷಯ. ಸೀಟು ಗಟ್ಟಿ ಅಂತ ಅಲ್ಲ, ಮುಂದಕ್ಕೆ ಇಳಿಜಾರು ಅಂತ. ಅದೂ ನಾನೇ ಮಾಡಿಕೊಂಡದ್ದು. ಬ್ಯಾಗ್ ಹಾಕ್ತೀನಲ್ಲ ಅಂತ ಹಿಂದಿನ ಶಾಕ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಏರಿಸಿಟ್ಟಿದ್ದೆ. ಹಿಂಭಾಗ ಎದ್ದು ಇಳಿಜಾರು ಇನ್ನೂ ಜಾಸ್ತಿಯಾಗಿತ್ತು. ಭಾಯ್ ಸೀಟಿನ ಮೂತಿ ಕಡೆ ಒಂದೂವರೆ ಸೆಂಟಿಮೀಟರಿನಷ್ಟು ಗಟ್ಟಿ ಫೋಮ್ ಏರಿಸಿ, ಹಿಂದೆ ಸ್ವಲ್ಪ ಉಜ್ಜಿ ಸಮ ಮಾಡಿದರು. ತೊಡೆ ತಾಗುವ ಅಂಚನ್ನು ದುಂಡಗೆ ಇಳಿಸಿದರು. ಆ ಎರಡು ಬೋಳು ಜಾಗದ ಕೆಳಗೆ ಇನ್ನೊಂದು ಪದರ ಇಟ್ಟಿದ್ದಾರೆ. ಅದು ಏನು ಅಂತ ನನಗೆ ಗೊತ್ತು, ಇಲ್ಲಿ ಹೇಳಲ್ಲ. ಅದು ಅವರ ಹೊಟ್ಟೆಪಾಡು. ಬಿಲ್ಲು 1,900. 22 ಸಾವಿರ ಕಳೆದವನಿಗೆ ಆ 1,900 ಕೊಡುವಾಗ ಅಳು ಬಂತು.

ಕತ್ತಿನ ನೋವಿಗೆ ಕಾರಣ ಗಾಳಿ. ಆಷಾಢದಲ್ಲಿ ಹಿರಿಯೂರು-ಚಳ್ಳಕೆರೆ ಕಡೆ ಹೋದವರಿಗೆ ಆ ಗಾಳಿ ಎಂಥದು ಅಂತ ಗೊತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನೆಟ್ಟಿಲ್ಲ. ನಾನು 2,600 ಕೊಟ್ಟು ಎತ್ತರದ ವಿಂಡ್‌ಸ್ಕ್ರೀನ್ ಹಾಕಿಸಿದ್ದೆ. ಎದೆಗೆ ಗಾಳಿ ನಿಂತಿತು, ಆದರೆ ಅದೇ ಗಾಳಿ ಸ್ಕ್ರೀನ್ ತುದಿಯಿಂದ ಹಾರಿ ಹೆಲ್ಮೆಟ್‌ಗೆ ಡೋಲು ಬಾರಿಸಿತು. ಯಾಕೆ ಅಂತ ನೋಡೋಕೆ ಸ್ಕ್ರೀನ್ ಅಂಚಿಗೂ ಹೆಲ್ಮೆಟ್ ಗದ್ದಕ್ಕೂ ಉಲ್ಲನ್ ದಾರದ ತುಂಡು ಅಂಟಿಸಿ ತುಮಕೂರಿಗೆ ಹೋಗಿ ಬಂದೆ. ಟೋಲ್ ಹತ್ತಿರ ಒಬ್ಬ, ಹರಕೆನಾ ಅಂತ ಕೇಳಿದ. 80ರಲ್ಲಿ ಗದ್ದದ ದಾರ ಹುಚ್ಚು ಹಿಡಿದ ಹಾಗೆ ಸುತ್ತುತ್ತಿತ್ತು. ಮನೆಗೆ ಬಂದು ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ಇಂಚು ಕುಯ್ದೆ. ಸ್ಕ್ರೀನ್ ಸೀಳಿತು. ಇನ್ನೊಂದು ತಂದೆ. ಈ ಸಲ ಎರಡೂ ಕಡೆ ಟೇಪ್ ಸುತ್ತಿ ನಿಧಾನಕ್ಕೆ ಕುಯ್ದೆ, ಬಂತು. ಕೆಳಗೆ ವಾಷರ್ ಇಟ್ಟು ಬೆರಳು ತೂರುವಷ್ಟು ಸಂದಿಯನ್ನೂ ಬಿಟ್ಟೆ. ಈಗ ಗಾಳಿ ಭುಜಕ್ಕೆ ಬಡಿಯುತ್ತೆ, ತಲೆಗಲ್ಲ. ಅದರ ಜೊತೆ 20 ರೂಪಾಯಿಯ ಫೋಮ್ ಇಯರ್‌ಪ್ಲಗ್. ಹಾರ್ನ್ ಕೇಳಲ್ಲ ಅಂತ ಎಲ್ಲರೂ ಹೆದರಿಸಿದರು. ಗಾಳಿಯ ಭೋರ್ಗರೆತ ತಗ್ಗಿದ ಮೇಲೆ ಹಿಂದಿನ ಬಸ್ಸಿನ ಹಾರ್ನ್ ಇನ್ನೂ ಬಿಡಿಯಾಗಿ ಕೇಳುತ್ತೆ. ಸಂಜೆಯ ಸುಸ್ತಿನಲ್ಲಿ ಅರ್ಧ ಆ ಸದ್ದಿನದೇ ಆಗಿತ್ತು ಅನ್ನೋದು ಪ್ಲಗ್ ಹಾಕಿದ ದಿನ ಗೊತ್ತಾಯಿತು.

ಏಪ್ರಿಲ್‌ನಲ್ಲಿ ಹೋಗುವ ಹುಚ್ಚರಿಗೆ ಒಂದು ಮಾತು. ಶಹಾಪುರ ಆದಮೇಲೆ 42 ಡಿಗ್ರಿಯಲ್ಲಿ ವೈಸರ್ ತೆಗೆದರೆ ತಂಪಾಗಲ್ಲ, ಒಲೆ ಊದಿದ ಹಾಗೆ ಆಗುತ್ತೆ. ಬನಿಯನ್ ಪೂರ್ತಿ ನೆನೆಸಿ ಹಾಕಿಕೊಂಡು ಮೇಲೆ ಜಾಕೆಟ್ ಜಿಪ್ ಎಳೆಯಿರಿ. ಮುಕ್ಕಾಲು ಗಂಟೆ ತಡೆಯುತ್ತೆ, ಮತ್ತೆ ನೆನೆಸಿ.

ನಿಲ್ಲುವುದಕ್ಕೆ ನಾನು ಕಿಲೋಮೀಟರ್ ನೋಡಲ್ಲ, ಗಡಿಯಾರ ನೋಡ್ತೀನಿ. ಒಂದೂವರೆ ಗಂಟೆಗೆ ಒಮ್ಮೆ, ನೋವು ಇರಲಿ ಬಿಡಲಿ. ನೋವು ಶುರುವಾದ ಮೇಲೆ ನಿಂತರೆ ಅದು ಇಳಿಯಲ್ಲ. ಬಳ್ಳಾರಿಯಲ್ಲಿ ಬರೀ ಇಡ್ಲಿ. ಒಗ್ಗರಣೆ-ಮಿರ್ಚಿ ಕಣ್ಣು ಹೊಡೆಯುತ್ತೆ, ಆದರೆ ತಿಂದರೆ ಮಸ್ಕಿ ಹೊತ್ತಿಗೆ ನಿದ್ದೆ. ಸುಗ್ಗಿ ಕಾಲದಲ್ಲಿ ಸಿರುಗುಪ್ಪ-ಸಿಂಧನೂರು ನಡುವೆ ರಸ್ತೆ ಮೇಲೇ ಭತ್ತ ಒಣಹಾಕಿರ್ತಾರೆ. ಅದರ ಮೇಲೆ ಬ್ರೇಕ್ ಮುಟ್ಟಿದರೆ ಮರಳಿನ ಮೇಲೆ ಮುಟ್ಟಿದ ಹಾಗೆ. ದಾರಿ ಉದ್ದ ಅನಿಸಬಾರದು ಅಂತ ನದಿ ಎಣಿಸ್ತೀನಿ. ಸಿಂಧನೂರಿಗೆ ಮೊದಲು ತುಂಗಭದ್ರೆ, ತಿಂಥಣಿ ಬ್ರಿಡ್ಜ್‌ನಲ್ಲಿ ಕೃಷ್ಣೆ, ಜೇವರ್ಗಿ ಆದಮೇಲೆ ಭೀಮೆ. ಭೀಮೆ ಬಂದಳೆಂದರೆ ಮನೆಯ ಜೋಳದ ರೊಟ್ಟಿ ವಾಸನೆ ಮೂಗಿಗೆ ಬಂದ ಹಾಗೆ.

ಇನ್ನೊಂದು ಪ್ರಯೋಗ ಹೇಳದಿದ್ದರೆ ತಪ್ಪಾಗುತ್ತೆ. ಚಳ್ಳಕೆರೆಯಲ್ಲಿ ಟೀಗೆ ನಿಂತಾಗ ಒಂದು ಕರಿ ಕಂಬಳಿ ಕೊಂಡಿದ್ದೆ, ಅವ್ವನಿಗೆ ಅಂತ. ಬ್ಯಾಗಿನಲ್ಲಿ ಜಾಗ ಇರಲಿಲ್ಲ, ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿ ಬಂಗಿ ಹಗ್ಗದಲ್ಲಿ ಕಟ್ಟಿದೆ. ಕಲಬುರಗಿವರೆಗೆ ಪ್ಯಾಂಟ್ ಒಂದು ಸಲವೂ ಬೆವರಿಗೆ ಅಂಟಲಿಲ್ಲ. ಉಣ್ಣೆಯೊಳಗೆ ಗಾಳಿ ಆಡುತ್ತೆ, ರೆಕ್ಸಿನ್‌ನಲ್ಲಿ ಆಡಲ್ಲ. ಮೇಲೆ ಜಾರುವುದೂ ಇಲ್ಲ, ಅಷ್ಟು ಒರಟು. ನಾಲ್ಕೂವರೆ ಸಾವಿರದ ಜೆಲ್ ಮಾಡದ ಕೆಲಸ ಅದು ಮಾಡಿತು. ಈಗ ಅಂಥದ್ದೇ ಇನ್ನೊಂದರಲ್ಲಿ ಒಂದು ತುಂಡು ಕತ್ತರಿಸಿ, ಅಂಚು ಹೊಲಿಸಿ, ಸೀಟಿನ ಮೇಲೆ ಕಾಯಂ ಹಾಕಿದ್ದೇನೆ. ಮಳೆಗಾಲಕ್ಕೆ ಮಾತ್ರ ಆಗಲ್ಲ. ನೆನೆದರೆ ಎರಡು ದಿನ ಒಣಗಲ್ಲ, ಕುರಿ ಹಟ್ಟಿಯ ವಾಸನೆ ಬೇರೆ.

24 ಎಚ್‌ಪಿ ಅಂತ ನಕ್ಕವನು ಹೋದ ತಿಂಗಳು ಫೋನ್ ಮಾಡಿದ್ದ. ಅವನದು ನನ್ನದಕ್ಕಿಂತ ಡಬಲ್ ಬೆಲೆಯ ಗಾಡಿ. ಹುಬ್ಬಳ್ಳಿಗೆ ಹೋಗಿ ಬಂದು ಮೂರು ದಿನ ಬೆಲ್ಟ್ ಕಟ್ಟಿಕೊಂಡಿದ್ದನಂತೆ. "ಆ ಸೀಟ್ ಭಾಯ್ ನಂಬರ್ ಕೊಡು ಮಗಾ" ಅಂದ. ಕೊಟ್ಟೆ. ಸೀಮೆಸುಣ್ಣದ ಪುಡಿ ಉದುರಿಸ್ತಾರೆ, ಕಪ್ಪು ಪ್ಯಾಂಟ್ ಹಾಕ್ಕೊಂಡು ಹೋಗಬೇಡ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಹಿಂದಿನ ಸೀಟಿನ ಕೆಲಸ ಇನ್ನೂ ಬಾಕಿ ಇದೆ. ಅದರ ಮೇಲೆ ಕೂರಬೇಕಾದವಳು ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಬುಕ್ ಮಾಡಿಯಾಗಿದೆ.