ತೋಟದ ಮನೆಗೆ ಸೋಲಾರ್: ಲೆಕ್ಕ ಪುಷ್ಯ ಮಳೆಯಿಂದ ಶುರುವಾಗಲಿ

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಒಳಭಾಗದಲ್ಲಿ, ಶರಾವತಿ ಹಿನ್ನೀರಿನ ಬದಿಯಲ್ಲಿ ತೋಟದ ಮನೆಗೆ ಲೈನ್ ಎಳೆಸುವುದು ಸುಲಭದ ಮಾತಲ್ಲ. ಕಾಡು ದಾಟಬೇಕು, ಕಂಬದ ಖರ್ಚು ಹೊರಬೇಕು. ಅಷ್ಟೆಲ್ಲ ಮಾಡಿದ ಮೇಲೂ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎಷ್ಟು ದಿನ ಕತ್ತಲೆಯೋ ಹೇಳಲಾಗದು. ಅದಕ್ಕೇ ಒಂದು ಸಣ್ಣ ಸೋಲಾರ್ ಹಾಕಿಸಿಬಿಡೋಣ ಅನ್ನುವವರು ಜಾಸ್ತಿ. ಒಳ್ಳೆಯ ಯೋಚನೆಯೇ. ಆದರೆ ಬಯಲುಸೀಮೆಯ ಬಿಸಿಲಿನ ಲೆಕ್ಕವನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಚೆನ್ನಾಗಿ ಉರಿದ ದೀಪ ಜುಲೈನಲ್ಲಿ ಕೈಕೊಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅಲ್ವಾ? ಹಾಗಾದರೆ ನಾವು ಲೆಕ್ಕ ಶುರು ಮಾಡಬೇಕಾದದ್ದು ಪುನರ್ವಸು, ಪುಷ್ಯ ಮಳೆಯ ದಿನಗಳಿಂದ. ಆ ವಾರಗಳನ್ನು ದಾಟಿಸುವ ವ್ಯವಸ್ಥೆ ವರ್ಷದ ಉಳಿದ ದಿನಗಳಲ್ಲಿ ಆರಾಮಾಗಿ ನಡೆಯುತ್ತದೆ.

ಮೊದಲು ಖರ್ಚು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವ ಸಾಮಾನು, ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಹೊತ್ತು ಅಂತ ಬರೆದು ಗುಣಿಸಿ. ಬರುವ ಉತ್ತರ ವ್ಯಾಟ್-ಅವರ್. ಅಂಥ 1,000 ಸೇರಿದರೆ ಒಂದು ಯೂನಿಟ್.

ಸಣ್ಣ ಮನೆಯೊಂದರ ಲೆಕ್ಕ ನೋಡಿ. 9 ವ್ಯಾಟ್‌ನ ಐದು ಎಲ್ಇಡಿ ಬಲ್ಬ್ ನಾಲ್ಕು ಗಂಟೆ ಉರಿದರೆ 180. ಅಂಗಳದ ದೀಪ ರಾತ್ರಿ ಹತ್ತು ಗಂಟೆ ಉರಿದರೆ 90. ಸಣ್ಣ ಟಿವಿ ಎರಡು ಗಂಟೆಗೆ 100, ವೈಫೈ ರೂಟರ್ ಹತ್ತು ಗಂಟೆಗೆ 100, ಮೊಬೈಲ್‌ಗಳಿಗೆ 30. ಮಿಕ್ಸಿ 500 ವ್ಯಾಟ್ ಎಳೆದರೂ ಚಟ್ನಿ ರುಬ್ಬುವುದು ಆರೇಳು ನಿಮಿಷ ತಾನೇ, ಅದಕ್ಕೆ 50. ಒಟ್ಟು 550. ಬೇಸಿಗೆಯಲ್ಲಿ ಫ್ಯಾನ್ ಬೇಕು. 75 ವ್ಯಾಟ್‌ನ ಹಳೇ ಫ್ಯಾನ್ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ತಂದರೆ ಆರು ಗಂಟೆಗೆ 180 ಸಾಕು. ಮಳೆಗಾಲದಲ್ಲಿ ಫ್ಯಾನ್ ಯಾರೂ ಹಾಕುವುದಿಲ್ಲವಲ್ಲ, ಆ ಖರ್ಚು ತಾನಾಗಿಯೇ ಉಳಿಯುತ್ತದೆ.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಈ ಪಟ್ಟಿಗೆ ಬರಲೇಬಾರದು. ಬಿಸಿನೀರಿಗೆ ಬಚ್ಚಲ ಹಂಡೆ ಇದೆ. ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ಇಳಿದು ಬರುವ ಮನೆಯಾದರೆ ಪಂಪ್ ಕೂಡ ಬೇಡ. ಫ್ರಿಜ್ ಬೇಕೇ ಬೇಕು ಅನ್ನುವವರು ಈ ಲೆಕ್ಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳಬೇಕಾಗುತ್ತದೆ.

ಯಾರೂ ಹೇಳದ ಒಂದು ಖರ್ಚಿದೆ. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಸಾಮಾನುಗಳಿಗೆ ಬೇಕಾದ ಎಸಿ ಕರೆಂಟಾಗಿ ಬದಲಾಯಿಸುವ ಇನ್ವರ್ಟರ್ ತಾನೇ ಕರೆಂಟ್ ತಿನ್ನುತ್ತದೆ. ಏನೂ ಉರಿಯದಿದ್ದರೂ ಸುಮ್ನೆ ಆನ್ ಆಗಿರುವುದಕ್ಕೇ 15 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ, 24 ಗಂಟೆಗೆ 360 ಆಯಿತು! ಮನೆಯ ದೀಪಗಳಿಗೆಲ್ಲ ಸೇರಿ ಬೇಕಾದದ್ದಕ್ಕಿಂತ ಇದೇ ಜಾಸ್ತಿ. ಹಾಗಾಗಿ ಅಂಗಳದ ದೀಪ, ರೂಟರ್, ಮೊಬೈಲ್ ಚಾರ್ಜಿಂಗ್ ಇವನ್ನು ನೇರ 12 ವೋಲ್ಟ್ ಡಿಸಿ ಲೈನಿನಲ್ಲಿ ಇಟ್ಟು, ಇನ್ವರ್ಟರನ್ನು ಸಂಜೆ ಆರು ಗಂಟೆ ಮಾತ್ರ ಹಾಕಿ. ಆಗ ಅದರ ಪಾಲು 90ಕ್ಕೆ ನಿಲ್ಲುತ್ತದೆ. ಮಳೆಗಾಲದ ದಿನದ ಒಟ್ಟು ಖರ್ಚು 640.

ಎಷ್ಟು ಪ್ಯಾನೆಲ್?

ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಸಿಗುವುದು ಪೂರ್ತಿ ಬಿಸಿಲು ಬಿದ್ದಾಗ, ಅಂದರೆ ಒಂದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬಿದ್ದಾಗ. ಬೆಳಗಿನಿಂದ ಸಂಜೆವರೆಗಿನ ಬೆಳಕನ್ನೆಲ್ಲ ಸೇರಿಸಿ ಅದು ಎಷ್ಟು ಗಂಟೆಯ ಪೂರ್ತಿ ಬಿಸಿಲಿಗೆ ಸಮ ಅಂತ ಲೆಕ್ಕ ಹಾಕುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಇದು 5ರಿಂದ 6 ಗಂಟೆ ಇರುತ್ತದೆ. ಜುಲೈನಲ್ಲಿ 3ರ ಆಸುಪಾಸಿಗೆ ಇಳಿಯುತ್ತದೆ. ಜಡಿಮಳೆ ಹಿಡಿದ ದಿನ 1 ಗಂಟೆಯೂ ಸಿಗದೆ ಹೋಗಬಹುದು. ಲೆಕ್ಕಕ್ಕೆ 2.5 ಹಿಡಿಯಿರಿ.

ವೈರು, ಬ್ಯಾಟರಿ, ಇನ್ವರ್ಟರ್, ಧೂಳು ಎಲ್ಲ ಸೇರಿ 30% ಹೋಗುತ್ತದೆ ಅಂದುಕೊಂಡರೆ, 640ನ್ನು 0.7ರಿಂದ ಭಾಗಿಸಿ, ಸುಮಾರು 915. ಅದನ್ನು 2.5ರಿಂದ ಭಾಗಿಸಿದರೆ 366 ವ್ಯಾಟ್. ಅಂದರೆ 200 ವ್ಯಾಟ್‌ನ ಎರಡು ಪ್ಯಾನೆಲ್. ಬೇಸಿಗೆ ಲೆಕ್ಕದಲ್ಲಿ ಹೋಗಿದ್ದರೆ ಇದರ ಅರ್ಧದಷ್ಟೇ ತಂದು ನಿಲ್ಲಿಸುತ್ತಿದ್ದೆವು.

ಬಿಸಿಲು ಬೀಳುವ ಜಾಗ

ಮನೆ ಸುತ್ತ ಅಡಿಕೆ, ತೆಂಗು, ಹಲಸು. ಮಾಡಿನ ಮೇಲೆ ಮಂಗಳೂರು ಹೆಂಚು, ಹೆಂಚಿನ ಮೇಲೆ ಪಾಚಿ, ಕಾಲಿಟ್ಟರೆ ಒಡೆಯುತ್ತದೆ. ಮಾಡಿನ ಆಸೆ ಬಿಟ್ಟುಬಿಡುವುದೇ ಒಳ್ಳೆಯದು. ಹಾಗಾದರೆ ಬಿಸಿಲೆಲ್ಲಿದೆ? ಅಡಿಕೆ ಒಣಗಿಸುವವರನ್ನು ಕೇಳಿ. ಅಂಗಳದ ಯಾವ ಮೂಲೆಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ, ಯಾವ ಮರದ ನೆರಳು ಮೊದಲು ಬರುತ್ತದೆ ಅನ್ನುವುದು ಮನೆಯ ಹೆಂಗಸರಿಗೆ ಗೊತ್ತಿರುವಷ್ಟು ಯಾವ ಮೊಬೈಲ್ ಆ್ಯಪಿಗೂ ಗೊತ್ತಿಲ್ಲ. ಆ ಅಂಗಳದ ಅಂಚಿನಲ್ಲಿ ಕಾಂಕ್ರೀಟ್ ಹಾಕಿ ಜಿಐ ಪೈಪಿನ ಕಂಬ ನಿಲ್ಲಿಸಿ. ಕೈಗೆ ಎಟುಕುವ ಎತ್ತರ ಇರಲಿ, ತೊಳೆಯುವುದಕ್ಕೆ ಏಣಿ ಬೇಕಾಗಬಾರದು.

ಒಂದು ಎಚ್ಚರ. ಅಡಿಕೆ ಒಣಗಿಸುವ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಅಂದರೆ ಉತ್ತರ ಬದಿಯ ಮರವನ್ನೂ ನೋಡಬೇಕು. ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುವುದರಿಂದ ಮೇಲೆ ಆಕಾಶ ಎಷ್ಟು ಅಗಲ ಕಾಣುತ್ತದೆ ಅನ್ನುವುದೇ ಮುಖ್ಯ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ವಾಟ 10ರಿಂದ 15 ಡಿಗ್ರಿ ಸಾಕು. ಪೂರ್ತಿ ಸಪಾಟಾಗಿ ಇಡಬೇಡಿ. ಫ್ರೇಮಿನ ಕೆಳಗಿನ ಅಂಚಿನಲ್ಲಿ ಕೆಸರು ನಿಂತು ಪಾಚಿ ಕಟ್ಟುತ್ತದೆ. ಬೆರಳಗಲದ ಆ ಪಾಚಿ ಪಟ್ಟಿ ಕೆಳಸಾಲಿನ ಸೆಲ್‌ಗಳನ್ನೆಲ್ಲ ಮುಚ್ಚುತ್ತದೆ. ಸೆಲ್‌ಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿರುವುದರಿಂದ ಇಡೀ ಪ್ಯಾನೆಲಿನ ಕರೆಂಟೇ ಇಳಿದುಹೋಗುತ್ತದೆ. ಮಳೆಗಾಲದಲ್ಲೂ ಆಗಾಗ ಮೆತ್ತನೆಯ ಬಟ್ಟೆಯಿಂದ ಆ ಅಂಚನ್ನು ಒರೆಸಿ.

ದೂರ, ವೈರು, ಕಂಟ್ರೋಲರ್

ಅಂಗಳದ ಅಂಚಿನಿಂದ ಬ್ಯಾಟರಿವರೆಗೆ 20 ಮೀಟರ್ ಅಂದುಕೊಳ್ಳಿ. ಹೋಗಿ ಬರುವ ಎರಡು ಎಳೆ ಸೇರಿ 40 ಮೀಟರ್. ಒಂದೊಂದು ಪ್ಯಾನೆಲ್ ಸುಮಾರು 20 ವೋಲ್ಟ್, 10 ಆಂಪಿಯರ್ ಕೊಡುತ್ತದೆ. ಎರಡನ್ನೂ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದರೆ 20 ಆಂಪಿಯರ್ ಹರಿಯುತ್ತದೆ, 6 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲೇ ಸುಮಾರು 47 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅದೇ ಎರಡನ್ನು ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ, ಸರಣಿಯಾಗಿ) ಜೋಡಿಸಿದರೆ 40 ವೋಲ್ಟ್, 10 ಆಂಪಿಯರ್. ನಷ್ಟ 12 ವ್ಯಾಟ್ ಅಷ್ಟೇ. ವೈರು ಅದೇ, ದುಡ್ಡು ಅಷ್ಟೇ, ನಷ್ಟ ಮಾತ್ರ ಕಾಲುಭಾಗ.

ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ಆಗುವುದನ್ನು ನೋಡಿಕೊಳ್ಳುವ ಪೆಟ್ಟಿಗೆ ಕಂಟ್ರೋಲರ್. ಆದರೆ ಸೀರೀಸ್ ಜೋಡಿಸಬೇಕಾದರೆ ಎಂಪಿಪಿಟಿ ಅನ್ನುವ ಬಗೆಯ ಕಂಟ್ರೋಲರೇ ಬೇಕು. ಅದು 40 ವೋಲ್ಟನ್ನು ಇಳಿಸಿ ಬ್ಯಾಟರಿಗೆ ಬೇಕಾದ ವೋಲ್ಟಿಗೆ, ಹೆಚ್ಚಿನ ಆಂಪಿಯರಿಗೆ ಬದಲಾಯಿಸುತ್ತದೆ. ಕಡಿಮೆ ಬೆಲೆಯ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲನ್ನೇ ಬ್ಯಾಟರಿಯ ವೋಲ್ಟಿಗೆ ಎಳೆದುಬಿಡುತ್ತದೆ, ಉಳಿದದ್ದು ದಂಡ. 100 ವೋಲ್ಟ್, 40 ಆಂಪಿಯರಿನ ಎಂಪಿಪಿಟಿ ಈ ಮನೆಗೆ ಸರಿ. ದುಡ್ಡು ಉಳಿಸುವ ಜಾಗ ಇದಲ್ಲ.

ಬ್ಯಾಟರಿ ಯಾವುದು?

ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಮಲೆನಾಡಿಗೆ ಲಿಥಿಯಂ ಐರನ್ ಫಾಸ್ಫೇಟ್ ವಾಸಿ. 150 ಎಎಚ್‌ನ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ಸೀಸದ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಕೈಗೆ ಸಿಗುವುದು 900. 100 ಎಎಚ್‌ನ ಲಿಥಿಯಂನಲ್ಲಿ ಇರುವುದೇ 1,280, ಅದರಲ್ಲಿ 80% ಬಳಸಿದರೂ ಸಾವಿರ ಸಿಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸೀಸದ ಬ್ಯಾಟರಿ ಆಗಾಗ ಪೂರ್ತಿ ಚಾರ್ಜ್ ಆಗಲೇಬೇಕು. ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಕೂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಅದು ಹಿಡಿಯುವುದೇ ಕಡಿಮೆ. ನಮ್ಮ ಮಳೆಗಾಲದಲ್ಲಿ ಆಗುವುದು ಇದೇ ತಾನೇ! ಲಿಥಿಯಂಗೆ ಅರ್ಧ ಚಾರ್ಜಿನಲ್ಲಿ ಇರುವುದು ತೊಂದರೆಯಲ್ಲ.

ಟ್ಯೂಬುಲರ್ ಪರ ಇರುವ ಮಾತೂ ಸುಳ್ಳಲ್ಲ. ಮೊದಲ ಖರ್ಚು ಕಡಿಮೆ, ಊರಿನ ಪೇಟೆಯಲ್ಲೇ ರಿಪೇರಿ, ಹಳೆಯದು ಕೊಟ್ಟರೆ ದುಡ್ಡು. ಅದನ್ನೇ ತರುವುದಾದರೆ ಎರಡು ತನ್ನಿ, ಡಿಸ್ಟಿಲ್ಡ್ ವಾಟರ್ ಮರೆಯಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಒಲೆ, ದೇವರ ದೀಪದ ಹತ್ತಿರ ಇಡಬೇಡಿ. ಲಿಥಿಯಂ ತಂದರೆ ಕಂಟ್ರೋಲರಿನಲ್ಲಿ ಅದರ ಸೆಟ್ಟಿಂಗ್ ಇದೆಯಾ ಅಂತ ನೋಡಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ, ಮಿಕ್ಸಿ ಶುರುವಾಗುವಾಗ ಎಳೆಯುವ ಜೋರಿಗೆ 1,000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯ ಬೇಕು.

ಸಿಡಿಲಿನ ಕಾಲ

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮಗೆ ಹೊಸದಲ್ಲ. ಕಂಬಕ್ಕೂ ಪ್ಯಾನೆಲ್ ಫ್ರೇಮಿಗೂ ಅರ್ಥಿಂಗ್ ಕಡ್ಡಾಯ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲ ಒಳ್ಳೆಯ ಅರ್ಥ್ ಕೊಡುವುದಿಲ್ಲ. ಬಚ್ಚಲ ನೀರು ಹೋಗುವ ಬಾಳೆ ಬುಡದಂಥ ಸದಾ ತೇವ ಇರುವ ಜಾಗ ಹುಡುಕಿ. ಕಂಟ್ರೋಲರಿಗೆ ಬರುವ ಲೈನಿಗೆ ಡಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಮನೆಯಲ್ಲಿದ್ದ ಸಾಮಾನ್ಯ ಎಂಸಿಬಿಯನ್ನೇ (ಕರೆಂಟ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್) ಹಾಕಿ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ಆರುತ್ತದೆ, ಡಿಸಿಯಲ್ಲಿ ಹಾಗಿಲ್ಲ, ಕಿಡಿ ಉರಿಯುತ್ತಲೇ ಇದ್ದು ಬೆಂಕಿ ಹತ್ತಬಹುದು. ಡಿಸಿ ಎಂದು ಬರೆದಿರುವ ಎಂಸಿಬಿಯೇ ಬೇಕು.

ಹಳ್ಳ ಇದ್ದರೆ

ಸೂರ್ಯ ಮರೆಯಾಗುವ ದಿನಗಳಲ್ಲೇ ನಮ್ಮ ಹಳ್ಳಗಳು ತುಂಬಿ ಹರಿಯುತ್ತವೆ. ಸೆಕೆಂಡಿಗೆ 5 ಲೀಟರ್ ನೀರು 10 ಮೀಟರ್ ಎತ್ತರದಿಂದ ಇಳಿದರೆ, ಅರ್ಧ ನಷ್ಟವಾಗಿಯೂ ಸುಮಾರು 245 ವ್ಯಾಟ್ ಸಿಗುತ್ತದೆ, ಅದೂ ಹಗಲು ರಾತ್ರಿ. ದಿನಕ್ಕೆ ಹತ್ತಿರ ಹತ್ತಿರ 6 ಯೂನಿಟ್! ನಮ್ಮ ಖರ್ಚಿನ ಎಷ್ಟೋ ಪಟ್ಟು. ಅಂಥ ಜಾಗ ಇದ್ದವರು ಸಣ್ಣ ಟರ್ಬೈನ್ ಬಗ್ಗೆ ವಿಚಾರಿಸಿಯೇ ಮುಂದುವರಿಯಿರಿ. ನೀರನ್ನು ತಿರುಗಿಸುವ ಮೊದಲು ಕೆಳಗಿನ ತೋಟದವರ ಹತ್ತಿರ ಕೂತು ಮಾತಾಡಿ.

ಸಬ್ಸಿಡಿ ವಿಷಯ ಕೇಳುವವರಿಗೆ: 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಕರೆಂಟ್ ಲೈನಿಗೆ ಜೋಡಿಸುವ ಮನೆಗಳಿಗೆ. ಲೈನೇ ಇಲ್ಲದ ಮನೆಗೆ ಆ ದುಡ್ಡನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಕೆಲಸವನ್ನು ಮಾರ್ಚ್‌ನೊಳಗೆ ಮುಗಿಸಿ, ಪ್ಯಾನೆಲ್, ಬ್ಯಾಟರಿಗಳ ಸೀರಿಯಲ್ ನಂಬರ್ ಇರುವ ಬಿಲ್ ತೆಗೆದಿಡಿ. ಕಂಬದಲ್ಲಿ ಮೂರನೇ ಪ್ಯಾನೆಲಿಗೂ ಜಾಗ ಬಿಟ್ಟಿರಿ. ಮೊದಲ ಮಳೆಗಾಲ ಪ್ರತಿ ಸಂಜೆ ಕಂಟ್ರೋಲರ್ ತೋರಿಸುವ ದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಆರಿದ್ರಾ ಮಳೆಯಲ್ಲೇ ಬ್ಯಾಟರಿ ದಿನಾ ತಳ ಕಾಣುತ್ತಿದ್ದರೆ ಇನ್ನೊಂದು ಬ್ಯಾಟರಿ ತರಲು ಓಡಬೇಡಿ. ತುಂಬುವಷ್ಟು ಬೆಳಕೇ ಇಲ್ಲದಿರುವಾಗ ಅದೂ ಖಾಲಿಯೇ ಇರುತ್ತದೆ. ಅದೇ ಅಳತೆಯ ಮೂರನೇ ಪ್ಯಾನೆಲ್ ತಂದು ಸೀರೀಸ್ ಸೇರಿಸಿ.