ದಿ ವಿಚರ್ 4 ಬರುವ ಮುನ್ನ: ಆಟದ ಬದಲಾವಣೆಗಳನ್ನು ಅಳೆದು ಸಜ್ಜಾಗುವ ಬಗೆ

ದೈತ್ಯಪ್ರಾಣಿಗಳನ್ನು ಬೇಟೆಯಾಡುವ ವಿಚರ್‌ಗಳ ಕಥೆ ಹೇಳುವ ವೀಡಿಯೊ ಗೇಮ್ ಸರಣಿಯ ಹೊಸ ಆಟ ದಿ ವಿಚರ್ 4 ಅನ್ನು ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಸಂಸ್ಥೆಯು 2024ರ ಡಿಸೆಂಬರಿನಲ್ಲಿ, ದಿ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಒಂದು ಟ್ರೇಲರ್ ತೋರಿಸಿ ಪ್ರಕಟಿಸಿತು. 2026ರ ಅಂತ್ಯದೊಳಗೆ ಆಟ ಬಿಡುಗಡೆಯಾಗುವುದಿಲ್ಲವೆಂದು ಸಂಸ್ಥೆಯೇ ಆಮೇಲೆ ಸ್ಪಷ್ಟಪಡಿಸಿದೆ. ಹೀಗಿದ್ದರೂ ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಹಾಸ್ಟೆಲುಗಳಲ್ಲಿ, ಪಿಜಿಗಳಲ್ಲಿ ಎರಡು ಪ್ರಶ್ನೆಗಳು ಈಗಲೇ ಓಡಾಡುತ್ತಿವೆ: ಆಟ ಆಡುವ ರೀತಿಯಲ್ಲಿ ಏನೇನು ಬದಲಾಗುತ್ತದೆ ಮತ್ತು ಅದು ನಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯೇ? ಈ ಎರಡಕ್ಕೂ ಉತ್ತರ ಹುಡುಕುವ ಒಳ್ಳೆಯ ದಾರಿ ದಿನಕ್ಕೊಂದು ವದಂತಿ ಓದುವುದಲ್ಲ, 2015ರ ದಿ ವಿಚರ್ 3 ಆಟವನ್ನೇ ಬೇರೆ ರೀತಿಯಲ್ಲಿ ಆಡಿ ನೋಡುವುದು ಎಂಬುದು ನನ್ನ ಅಭಿಪ್ರಾಯ. ಹೇಗೆ ಆಡಬೇಕು, ಏನನ್ನು ಗಮನಿಸಬೇಕು, ಹಣವನ್ನು ಎಲ್ಲಿ ತಡೆದಿಟ್ಟುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಂದು ಪುಟದಲ್ಲಿ ಮೂರು ಕಾಲಂ ಗೀಚಿಕೊಳ್ಳಿ. ಸಂಸ್ಥೆ ಬಾಯಿಬಿಟ್ಟು ಹೇಳಿದ್ದು ಮೊದಲನೆಯದರಲ್ಲಿ, ವೀಡಿಯೊದಲ್ಲಿ ತೋರಿಸಿದ್ದು ಆದರೆ ಆಟದಲ್ಲಿ ಇದ್ದೇ ಇರುತ್ತದೆಂದು ಹೇಳದ್ದು ಎರಡನೆಯದರಲ್ಲಿ, ಆಟಗಾರರ ಊಹೆ ಮೂರನೆಯದರಲ್ಲಿ ಇರಲಿ. ಕಥೆಯ ಮುಖ್ಯ ಪಾತ್ರ ಹಿಂದಿನ ಆಟಗಳ ನಾಯಕ ಗೆರಾಲ್ಟ್ ಅಲ್ಲ, ಅವನ ಸಾಕುಮಗಳು ಸಿರಿ ಎಂಬುದು ಮೊದಲನೆಯ ಕಾಲಂಗೆ ಸೇರುತ್ತದೆ. ಅವಳು ವಿಚರ್ ಆಗಲು ಬೇಕಾದ ಗಿಡಮೂಲಿಕೆಗಳ ಘೋರ ಪರೀಕ್ಷೆಯನ್ನು ದಾಟಿದ್ದಾಳೆ ಎಂಬುದೂ, ಸಂಸ್ಥೆ ಆಟ ಕಟ್ಟಲು ಬಳಸುತ್ತಿದ್ದ ತನ್ನ ಸ್ವಂತ ತಂತ್ರಾಂಶವಾದ ರೆಡ್‌ಎಂಜಿನ್ ಬಿಟ್ಟು ಅನ್ರಿಯಲ್ ಎಂಜಿನ್ 5ಕ್ಕೆ ಬಂದಿದೆ ಎಂಬುದೂ ಅಲ್ಲಿಗೇ ಸೇರುತ್ತವೆ. ಟ್ರೇಲರಿನಲ್ಲಿ ಅವಳು ಬೀಸುವ ಸರಪಳಿ ಎರಡನೆಯ ಕಾಲಂಗೆ ಸೇರುತ್ತದೆ. ಅದು ಕಣ್ಣಿಗೆ ಕಂಡಿದೆ, ಆದರೆ ಆ ಸರಪಳಿಯನ್ನು ಆಟದಲ್ಲಿ ಯಾವ ಬಟನ್ನಿನಿಂದ ಬೀಸಬೇಕು, ಎಷ್ಟು ಬಾರಿ ಬೀಸಬಹುದು ಎಂಬುದು ಟ್ರೇಲರಿನಿಂದ ತಿಳಿಯುವ ಸಂಗತಿಯಲ್ಲ. ಆ ಟ್ರೇಲರ್ ಯಾರೋ ಆಡುತ್ತಿರುವಾಗ ಹಿಡಿದ ದೃಶ್ಯವಲ್ಲ, ಮೊದಲೇ ರೆಂಡರ್ ಮಾಡಿಟ್ಟ ಕಿರುಚಿತ್ರ.

ಎರಡನೆಯ ಕಾಲಂ ಏಕೆ ಬೇಕು ಎಂಬುದಕ್ಕೆ ಇದೇ ಸಂಸ್ಥೆಯ ಸೈಬರ್‌ಪಂಕ್ 2077 ಸಾಕ್ಷಿಯಾಗಿದೆ. 2018ರಲ್ಲಿ ತೋರಿಸಿದ 48 ನಿಮಿಷಗಳ ವೀಡಿಯೊದಲ್ಲಿ ಮುಂಗೈಯಿಂದ ಹೊರಬರುವ ಬ್ಲೇಡುಗಳನ್ನು ನಾಟಿಸಿ ಗೋಡೆಗೆ ಅಂಟಿಕೊಳ್ಳುವ, ಗೋಡೆಯ ಮೇಲೆ ಓಡುವ ತಂತ್ರವಿತ್ತು. 2020ರ ಡಿಸೆಂಬರಿನಲ್ಲಿ ಕೈಗೆ ಬಂದ ಆಟದಲ್ಲಿ ಗೋಡೆ ಓಟ ಇರಲಿಲ್ಲ, ಅದನ್ನು ಕೈಬಿಟ್ಟಿರುವುದಾಗಿ ಬಿಡುಗಡೆಗೆ ಮೊದಲೇ ಹೇಳಲಾಗಿತ್ತು. ಇದನ್ನು ಮೋಸ ಎಂದು ಕರೆಯುವುದಕ್ಕಿಂತ, ಆಟ ಕಟ್ಟುವ ಕೆಲಸವೇ ಹೀಗೆ ಎಂದು ಅರ್ಥಮಾಡಿಕೊಳ್ಳುವುದು ಲೇಸು. ಬಿಡುಗಡೆಗೆ ಎರಡು ವರ್ಷ ಇರುವಾಗ ತೋರಿಸಿದ ಯಾವ ತಂತ್ರವನ್ನೂ ನಂಬಿ ನಮ್ಮ ಆಟದ ಶೈಲಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬಾರದು.

ಈಗ ಅಭ್ಯಾಸದ ಮಾತು. ಹೊಸ ಆಟದ ಹೋರಾಟ ಹೇಗಿರಬಹುದು ಎಂಬ ಪ್ರಶ್ನೆಗೆ ಅತಿ ಹತ್ತಿರದ ಸುಳಿವು ವಿಚರ್ 3ರಲ್ಲಿ ಸಿರಿಯನ್ನೇ ಆಡಿಸುವ ಬಿಡಿ ಭಾಗಗಳಲ್ಲಿದೆ. ಬಹುತೇಕರು ಅವನ್ನು ಮುಖ್ಯ ಕಥೆಯ ನಡುವಿನ ವಿರಾಮವೆಂದು ಬೇಗಬೇಗ ದಾಟಿಬಿಡುತ್ತಾರೆ. ಈ ಸಲ ನಿಧಾನವಾಗಿ ಆಡಿ. ಗೆರಾಲ್ಟನಿಗೆ ಆರ್ಡ್, ಇಗ್ನಿ, ಯರ್ಡನ್, ಕ್ವೆನ್, ಆಕ್ಸಿ ಎಂಬ ಐದು ಮಂತ್ರಮುದ್ರೆಗಳಿವೆ, ಸಿರಿಗೆ ಅಲ್ಲಿ ಒಂದೂ ಇಲ್ಲ. ಅದಕ್ಕೆ ಬದಲಾಗಿ ಇದ್ದಲ್ಲಿಂದ ಮಾಯವಾಗಿ ಶತ್ರುವಿನ ಬೆನ್ನಿಗೆ ಮೂಡುವ ಶಕ್ತಿ ಅವಳಿಗಿದೆ. ಅವಳ ಗಾಯ ತಾನಾಗಿಯೇ ಮಾಯುತ್ತದೆ, ಚೀಲ ತೆರೆದು ಕಷಾಯ ಕುಡಿಯುವ ಅವಕಾಶವಿಲ್ಲ, ಲೆವೆಲ್ ಏರಿಸುವ ಗೊಡವೆಯೂ ಇಲ್ಲ. ಇದರ ಪರಿಣಾಮವನ್ನು ಬೆರಳುಗಳಲ್ಲೇ ಗಮನಿಸಬೇಕು. ಗೆರಾಲ್ಟನಾಗಿ ಆಡುವಾಗ ನಮ್ಮ ಬೆರಳು ಹೊಡೆತಕ್ಕೆ ಮೊದಲೇ ಕ್ವೆನ್ ರಕ್ಷಾಕವಚದ ಕಡೆಗೆ ಹೋಗುತ್ತದೆ. ಸಿರಿಯಾದಾಗ ಆ ಕವಚವಿಲ್ಲದ ಕಾರಣ ಕಾಲು ಎಲ್ಲಿದೆ, ಶತ್ರು ಎಷ್ಟು ದೂರವಿದ್ದಾನೆ ಎಂಬ ಲೆಕ್ಕವೇ ಮುಖ್ಯವಾಗುತ್ತದೆ.

ಆದರೆ ಹೊಸ ಆಟದ ಸಿರಿ ಆ ಹಳೆಯ ಸಿರಿಯೇ ಆಗಿರುವುದಿಲ್ಲ. ಟ್ರೇಲರಿನಲ್ಲಿ ಹಳ್ಳಿಯವರು ಹರಕೆಯಾಗಿ ಬಲಿಕೊಡಲು ಹೊರಟ ಹುಡುಗಿಯನ್ನು ಉಳಿಸಲು ಅವಳು ಬೌಕ್ ಎಂಬ ದೈತ್ಯಪ್ರಾಣಿಯ ಎದುರು ನಿಂತಾಗ ಕಷಾಯ ಕುಡಿಯುತ್ತಾಳೆ, ಮಂತ್ರವನ್ನೂ ಬಳಸುತ್ತಾಳೆ. ಪರೀಕ್ಷೆ ದಾಟಿದ ದೇಹಕ್ಕೆ ಮಾತ್ರ ಆ ಕಷಾಯ ದಕ್ಕುತ್ತದೆ ಎಂಬುದು ಈ ಲೋಕದ ನಿಯಮ. ಇದರಿಂದ ನಾನು ಮಾಡುವ ಊಹೆಯಿಷ್ಟು, ಇದನ್ನು ಮೂರನೆಯ ಕಾಲಂನಲ್ಲೇ ಬರೆದುಕೊಳ್ಳಿ: ಗೆರಾಲ್ಟನ ಸಿದ್ಧತೆ ಮತ್ತು ಸಿರಿಯ ಚುರುಕು ಎರಡನ್ನೂ ಕಸಿ ಮಾಡುವ ಪ್ರಯತ್ನ ನಡೆದಿದೆ. ತಾನಾಗಿಯೇ ಗಾಯ ಮಾಯುವ ಸೌಲಭ್ಯ ಮಾತ್ರ ಉಳಿಯಲಾರದು, ಏಕೆಂದರೆ ಅದು ಉಳಿದರೆ ಕಷಾಯಕ್ಕೆ ಬೆಲೆಯೇ ಇರುವುದಿಲ್ಲ.

ಆದ್ದರಿಂದ ಕಷಾಯದ ಲೆಕ್ಕ ಕಲಿಯದೆ ವಿಚರ್ 3 ಮುಗಿಸಿದವರು ಈಗ ಅದನ್ನು ಕಲಿಯುವುದು ಒಳ್ಳೆಯದು. ಕಡಿಮೆ ಕಷ್ಟದ ಎರಡು ಹಂತಗಳಲ್ಲಿ ಧ್ಯಾನಕ್ಕೆ ಕುಳಿತರೆ ಸಾಕು, ಜೀವಶಕ್ತಿ ಪೂರ್ತಿ ತುಂಬಿಬಿಡುತ್ತದೆ. ಆದ್ದರಿಂದ ಅಲ್ಲಿ ಆಡಿದವರಿಗೆ ಸ್ವಾಲೊ ಎಂಬ ಕಷಾಯದ ಅಗತ್ಯವೇ ತಿಳಿದಿರುವುದಿಲ್ಲ. ಮೂರನೆಯ ಹಂತವಾದ ಬ್ಲಡ್ ಅಂಡ್ ಬ್ರೋಕನ್ ಬೋನ್ಸ್‌ಗೆ ಏರಿಸಿ ನೋಡಿ. ಧ್ಯಾನದಿಂದ ಗಾಯ ಮಾಯುವುದು ಅಲ್ಲಿಗೆ ನಿಲ್ಲುತ್ತದೆ, ಊಟ, ಕಷಾಯ, ಎಚ್ಚರಿಕೆ ಮೂರೂ ಬೇಕಾಗುತ್ತವೆ. ಕಷಾಯ ಕುಡಿದಾಗಲೆಲ್ಲ ತೆರೆಯ ಮೂಲೆಯಲ್ಲಿ ಹಸಿರು ಪಟ್ಟಿ ಏರುತ್ತದೆ, ಅದು ಮೈಗೇರಿದ ವಿಷದ ಪ್ರಮಾಣ. ಮೊದಮೊದಲಿಗೆ ಅದರ ಮಿತಿ 100. ದೈತ್ಯಪ್ರಾಣಿಗಳ ಅಂಗಗಳಿಂದ ಮಾಡುವ ದೀರ್ಘಕಾಲದ ಕಷಾಯಗಳಲ್ಲಿ ಬಹುಪಾಲು ಒಂದೊಂದೇ 70ರಷ್ಟನ್ನು ತಿಂದುಹಾಕುತ್ತವೆ. ಅಂಥದ್ದೊಂದನ್ನು ಕುಡಿದ ಮೇಲೆ ಚಿಕ್ಕ ಕಷಾಯಗಳಿಗೆ ಉಳಿಯುವ ಜಾಗ ಎಷ್ಟು ಕಡಿಮೆ ಎಂಬುದು ಒಂದು ದೊಡ್ಡ ಬೇಟೆಯಲ್ಲೇ ಅರಿವಾಗುತ್ತದೆ. ಒಮ್ಮೆ ಕಾಯಿಸಿದ ಕಷಾಯವನ್ನು ಮತ್ತೆ ಮೂಲಿಕೆ ಹುಡುಕಿ ಕಾಯಿಸಬೇಕಾಗಿಲ್ಲ. ಚೀಲದಲ್ಲಿ ಕಡು ಮದ್ಯವೊಂದಿದ್ದರೆ ಧ್ಯಾನದ ವೇಳೆಯಲ್ಲಿ ಸೀಸೆಗಳು ತಾವೇ ತುಂಬಿಕೊಳ್ಳುತ್ತವೆ. ಹೊಸ ಆಟದ ವೀಡಿಯೊ ಬಂದಾಗ ನಾನು ಮೊದಲು ಗಮನಿಸುವುದು ಈ ನಿಯಮವನ್ನೇ. ತುಂಬುವಿಕೆ ಇಷ್ಟೇ ಉದಾರವಾಗಿದ್ದರೆ ಬೇಟೆಗೆ ಮುನ್ನ ಸಿದ್ಧತೆ ಎಂಬುದು ಬರಿಯ ಮಾತಾಗಿ ಉಳಿಯುತ್ತದೆ.

ಆಟದೊಳಗೆ ದೈತ್ಯಪ್ರಾಣಿಗಳ ವಿವರ ಕೊಡುವ ಪ್ರಾಣಿಕೋಶವನ್ನು ಓದುವ ರೂಢಿಯೂ ಬೇಕು. ಕನ್ನಡ ಭಾಷೆಯ ಆಯ್ಕೆ ಆಟದಲ್ಲಿಲ್ಲ, ಆದ್ದರಿಂದ ಇಂಗ್ಲಿಷಿನ ಆ ಉದ್ದನೆಯ ವಿವರಣೆಗಳನ್ನು ನಮ್ಮಲ್ಲಿ ಹಲವರು ತೆರೆಯುವುದೇ ಇಲ್ಲ. ಪೂರ್ತಿ ಓದಲು ಬೇಸರವಾದರೆ ಪುಟದಲ್ಲಿರುವ ಚಿತ್ರಗಳ ಸಾಲನ್ನಾದರೂ ನೋಡಿ, ಆ ಪ್ರಾಣಿಯ ಮೇಲೆ ಕತ್ತಿಗೆ ಹಚ್ಚುವ ಯಾವ ಎಣ್ಣೆ, ಯಾವ ಬಾಂಬ್, ಯಾವ ಮುದ್ರೆ ಫಲಿಸುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ.

ಲೋಕದಲ್ಲಿ ಓಡಾಡುವ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಕಠಿಣವಾದದ್ದು. 2022ರ ಡಿಸೆಂಬರಿನಲ್ಲಿ ಬಂದ ಉಚಿತ ಅಪ್‌ಡೇಟ್‌ನಲ್ಲಿ, ಹೋರಾಟವಿಲ್ಲದಿರುವಾಗ ಚಿಕ್ಕ ನಕ್ಷೆಯನ್ನೂ ಗುರಿಯ ಸೂಚನೆಯನ್ನೂ ಮರೆಮಾಡುವ ಆಯ್ಕೆ ಕೊಟ್ಟಿದ್ದಾರೆ. ಅದನ್ನು ಆನ್ ಮಾಡಿಕೊಂಡು ಒಂದು ವಾರ ಆಡಿ. ದೇವರಾಯನದುರ್ಗಕ್ಕೆ ಹೋಗುವವರು ಮೊಬೈಲ್ ನಕ್ಷೆ ನೋಡದೆ ನಾಮದ ಚಿಲುಮೆಯ ತಿರುವನ್ನೂ ಬೆಟ್ಟದ ಆಕಾರವನ್ನೂ ಗುರುತಿಟ್ಟುಕೊಂಡು ದಾರಿ ಹಿಡಿಯುವಂತೆ, ಆಟದ ವೆಲೆನ್ ಸೀಮೆಯ ಜೌಗಿನಲ್ಲೂ ನೇಣುಮರ, ಬತ್ತಿದ ಕೆರೆ, ಸುಟ್ಟ ಹಳ್ಳಿಗಳು ಗುರುತಾಗತೊಡಗುತ್ತವೆ. ನಕ್ಷೆಯ ಪ್ರಶ್ನಾರ್ಥಕ ಚಿಹ್ನೆಗಳ ಬೆನ್ನುಹತ್ತಿ ಸ್ಕೆಲಿಗೆ ದ್ವೀಪಗಳ ಸಮುದ್ರದಲ್ಲಿ ದೋಣಿ ಓಡಿಸಿ ಕಳ್ಳಸಾಗಣೆದಾರರ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿದವರಿಗೆ, ಹಾಗೆ ಆಡಿದ ಆಟ ಎಷ್ಟು ನೀರಸವಾಗಿರುತ್ತದೆಂದು ಹೇಳಬೇಕಾಗಿಲ್ಲ. 2025ರ ಜೂನ್ ತಿಂಗಳಲ್ಲಿ ತೋರಿಸಿದ ತಾಂತ್ರಿಕ ಪ್ರದರ್ಶನದಲ್ಲಿ ಸಿರಿ ತನ್ನ ಕುದುರೆ ಕೆಲ್ಪಿಯನ್ನೇರಿ ಕೋವಿರ್ ಎಂಬ ಉತ್ತರದ ಬೆಟ್ಟಸೀಮೆಯನ್ನು ದಾಟಿ ವಾಲ್ಡ್ರೆಸ್ಟ್ ಎಂಬ ಬಂದರು ಪಟ್ಟಣವನ್ನು ಸೇರುತ್ತಾಳೆ. ಅದು ಎಂಜಿನ್ನಿನ ಪ್ರದರ್ಶನವೇ ಹೊರತು ಆಟದ ತುಣುಕಲ್ಲ ಎಂದು ಸಂಸ್ಥೆಯೇ ಹೇಳಿದ್ದರಿಂದ ಅದನ್ನೂ ಎರಡನೆಯ ಕಾಲಂನಲ್ಲಿಡಿ.

ಆ ಪ್ರದರ್ಶನ ಸಾಮಾನ್ಯ ಪ್ಲೇಸ್ಟೇಷನ್ 5ರಲ್ಲಿ, ಬೆಳಕು-ನೆರಳನ್ನು ನಿಜದಂತೆ ಲೆಕ್ಕಹಾಕುವ ರೇ ಟ್ರೇಸಿಂಗ್ ಸಹಿತ, ಸೆಕೆಂಡಿಗೆ 60 ಫ್ರೇಮಿನಂತೆ ಓಡಿತು. ಈ ಒಂದು ವಾಕ್ಯವನ್ನು ಹಿಡಿದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ರೈಲು ಹತ್ತಿ ಹೊಸ ಗ್ರಾಫಿಕ್ಸ್ ಕಾರ್ಡ್ ತರಲು ಹೊರಡುವವರನ್ನು ತಡೆಯುವುದೇ ಈ ಬರಹದ ಮುಖ್ಯ ಉದ್ದೇಶಗಳಲ್ಲೊಂದು. ಇಂದು ದುಬಾರಿಗೆ ಕೊಂಡ ಕಾರ್ಡು ಆಟ ಬರುವ ಹೊತ್ತಿಗೆ ಹಳತಾಗಿರುತ್ತದೆ. ಅದಕ್ಕೆ ಬದಲು ಇರುವ ಯಂತ್ರವನ್ನು ಪರೀಕ್ಷಿಸಿ. ವಿಚರ್ 3ರ ಲಾಂಚರಿನಲ್ಲಿ ಡೈರೆಕ್ಟ್‌ಎಕ್ಸ್ 12 ಆಯ್ದು, ನೊವಿಗ್ರಾಡ್ ನಗರದ ಹಿರಾರ್ಕ್ ಸ್ಕ್ವೇರ್ ಚೌಕಕ್ಕೆ ಹೋಗಿ, ಜನಸಂದಣಿಯ ನಡುವೆ ಕುದುರೆ ಓಡಿಸುತ್ತ ಫ್ರೇಮುಗಳು ಎಷ್ಟಕ್ಕೆ ಇಳಿಯುತ್ತವೆ ನೋಡಿ. ಅಲ್ಲಿ ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರ್ ಬೇಗ ಸುಸ್ತಾಗುತ್ತದೆ. ಆ ಪ್ರದರ್ಶನದಲ್ಲಿದ್ದಂತೆ ಸಂತೆಯ ಜನರನ್ನು ನೂರಾರು ಸಂಖ್ಯೆಯಲ್ಲಿ ತೋರಿಸುವುದಾದರೆ ಹೊಸ ಆಟಕ್ಕೂ ಅದೇ ಭಾಗ ಮುಖ್ಯವಾಗಬಹುದು. ಅನ್ರಿಯಲ್ 5ರ ಗುಣವನ್ನೇ ನೋಡಬೇಕೆಂದರೆ ಉಚಿತವಾಗಿ ಸಿಗುವ ಫೋರ್ಟ್‌ನೈಟ್ ಸಾಕು. ಅದರ ಸೆಟ್ಟಿಂಗಿನಲ್ಲಿ ಸೂಕ್ಷ್ಮ ಆಕಾರಗಳನ್ನು ತೋರಿಸುವ ನ್ಯಾನೈಟ್, ಬೆಳಕನ್ನು ಲೆಕ್ಕಹಾಕುವ ಲ್ಯೂಮನ್ ಎರಡನ್ನೂ ಆನ್ ಮಾಡಿ ಅರ್ಧ ಗಂಟೆ ಆಡಿದರೆ ಲ್ಯಾಪ್‌ಟಾಪಿನ ಫ್ಯಾನ್ ಸದ್ದೇ ಅರ್ಧ ಉತ್ತರ ಹೇಳುತ್ತದೆ. ಕಾಲೇಜಿಗೆ ಸೇರುವಾಗ ಕೊಂಡ ಲ್ಯಾಪ್‌ಟಾಪುಗಳಲ್ಲಿ ಬಹಳ ಕಂಡುಬರುವ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನಲ್ಲಿ 4 ಜಿಬಿ ಗ್ರಾಫಿಕ್ಸ್ ಮೆಮೊರಿ ಇರುತ್ತದೆ, ರೇ ಟ್ರೇಸಿಂಗಿಗಾಗಿ ಮೀಸಲಾದ ಭಾಗ ಇರುವುದಿಲ್ಲ. ಅದರಲ್ಲಿ ಈ ಆಟವನ್ನು ಚೆನ್ನಾಗಿ ಆಡಬಹುದೆಂಬ ಆಸೆ ಬೇಡ. ಈಗಲೇ ಹಣ ಹಾಕಲೇಬೇಕೆಂದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅದು ಯಾವ ಆಟಕ್ಕೂ ವ್ಯರ್ಥವಾಗುವುದಿಲ್ಲ.

ವಿದ್ಯುತ್ತಿನ ವಿಷಯವನ್ನು ಆಟದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಎತ್ತುವುದಿಲ್ಲ, ನಮ್ಮ ಕಡೆ ಅದನ್ನು ಬಿಡುವಂತಿಲ್ಲ. ಹೋರಾಟದ ನಡುವೆ ವಿಚರ್ 3 ಸೇವ್ ಮಾಡಲು ಬಿಡುವುದಿಲ್ಲ. ಆದ್ದರಿಂದ ದೊಡ್ಡ ಬೇಟೆಯ ಮಧ್ಯೆ ಕರೆಂಟು ಹೋದರೆ ಬೇಟೆಯನ್ನು ಮೊದಲಿನಿಂದ ಆಡಬೇಕಾಗುತ್ತದೆ. ಡೆಸ್ಕ್‌ಟಾಪ್ ಇರುವವರು ಯುಪಿಎಸ್ ಕೊಳ್ಳುವಾಗ ಮೇಲೆ ಬರೆದ ವಿಎ ಸಂಖ್ಯೆ ನೋಡದೆ ವ್ಯಾಟ್ ಎಷ್ಟೆಂದು ಕೇಳಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು ಸುಮಾರು 360 ವ್ಯಾಟ್ ಮಾತ್ರ. ಆಟ ಓಡುತ್ತಿರುವ ಒಳ್ಳೆಯ ಪಿಸಿ, ಮಾನಿಟರ್ ಸೇರಿ, ಅದನ್ನು ಸುಲಭವಾಗಿ ಮೀರುತ್ತದೆ. ಆಗ ಕರೆಂಟು ಹೋದ ಕ್ಷಣದಲ್ಲೇ ಯುಪಿಎಸ್ ಕೂಡ ಕೂಗಿ ಆರಿಹೋಗುತ್ತದೆ. ಮನೆಯ ಇನ್ವರ್ಟರಿಗೆ ಪಿಸಿ ಜೋಡಿಸಿದವರು ಅದರ ಹಿಂಬದಿಯಲ್ಲೋ ಪಕ್ಕದಲ್ಲೋ ಇರುವ ಚಿಕ್ಕ ಸ್ವಿಚ್ಚನ್ನು ಇಕೊ ಎಂಬಲ್ಲಿಂದ ಯುಪಿಎಸ್ ಎಂಬಲ್ಲಿಗೆ ಸರಿಸಬೇಕು. ಇಲ್ಲವಾದರೆ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ವಿಚರ್ 3ರ ಸೇವ್ ಫೈಲುಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಡುವುದಕ್ಕೆ ಖರ್ಚೇನಿಲ್ಲ. ವಿಚರ್ 3 ತನ್ನ ಹಿಂದಿನ ಆಟದ ಸೇವ್ ಫೈಲನ್ನು ಓದುತ್ತಿತ್ತು, ಹೊಸ ಆಟವೂ ಹಾಗೆ ಓದಿದರೆ ಆ ಪ್ರತಿ ಉಪಯೋಗಕ್ಕೆ ಬರುತ್ತದೆ. ಫೈಲು ಇಲ್ಲದವರಿಗೆ ವಿಜಿಮಾದ ಅರಮನೆಯಲ್ಲಿ ಗಡ್ಡ ಬೋಳಿಸಿಕೊಳ್ಳುವಾಗ ಪ್ರಶ್ನೆ ಕೇಳಿ ಹಳೆಯ ನಿರ್ಧಾರಗಳನ್ನು ದಾಖಲಿಸಿಕೊಳ್ಳುವ ಏರ್ಪಾಡಿತ್ತು. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಆಟದ ಹೆಸರಿನ ಫೋಲ್ಡರ್ ತೆರೆದರೆ ಗೇಮ್‌ಸೇವ್ಸ್ ಎಂಬುದು ಸಿಗುತ್ತದೆ.

ಕೊನೆಗೆ ಕೊಳ್ಳುವ ಮಾತು. ಮುಂಗಡ ಬುಕಿಂಗ್ ಮಾಡಬೇಡಿ, ಡಿಜಿಟಲ್ ಪ್ರತಿಗೆ ಸರದಿ ನಿಲ್ಲುವ ಪ್ರಶ್ನೆಯೇ ಇಲ್ಲ. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡರೆ ಎರಡು ವಾರದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಮಾತ್ರ ಹಣ ಮರಳುತ್ತದೆ. ಅಂಥದ್ದೇ ಇನ್ನೊಂದು ಅಂಗಡಿಯಾದ ಜಿಒಜಿಯಲ್ಲಿ ಆಟ ಸರಿಯಾಗಿ ಓಡದಿದ್ದರೆ ಆಡಿದ ಮೇಲೂ 30 ದಿನಗಳವರೆಗೆ ಹಣ ಕೇಳಬಹುದು. ವಿಚರ್ 3ರಲ್ಲಿ ಮೊದಲ ಎರಡು ಗಂಟೆ ವೈಟ್ ಆರ್ಚರ್ಡ್ ಎಂಬ ಚಿಕ್ಕ ಹಳ್ಳಿಸೀಮೆಯಲ್ಲೇ ಕಳೆದುಹೋಗುತ್ತವೆ, ಯಂತ್ರಕ್ಕೆ ನಿಜವಾದ ಹೊರೆ ಬೀಳುವ ನೊವಿಗ್ರಾಡ್ ಬರುವುದು ಅದಾಗಿ ಬಹಳ ಹೊತ್ತಿನ ಮೇಲೆ. ಹೊಸ ಆಟದ ಆರಂಭವೂ ಅದೇ ರೀತಿ ಇದ್ದರೆ ಎರಡು ಗಂಟೆಯ ಗಡುವು ನಮ್ಮ ಲ್ಯಾಪ್‌ಟಾಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಯಂತ್ರದ ಮೇಲೆ ಸಂಶಯವಿರುವವರು ಕೊಳ್ಳುವ ಮೊದಲು ತಮ್ಮದೇ ಕಾರ್ಡು ಮತ್ತು ಪ್ರೊಸೆಸರ್ ಇರುವವರು ದೊಡ್ಡ ಪಟ್ಟಣದೊಳಗೆ ಆಡುತ್ತಿರುವ ವೀಡಿಯೊ ನೋಡಿ, ಆಮೇಲೆ ಜಿಒಜಿಯಲ್ಲಿ ಕೊಳ್ಳುವುದು ಸೂಕ್ತ.