ಸುಣ್ಣದ ಕೆಳಗಿನ ನೀಲಿ

ಕೆಜಿಎಫ್‌ನ, ಅಂದರೆ ಕೋಲಾರದ ಚಿನ್ನದ ಗಣಿ ಊರಿನ, ಒಂದು ಹಳೆಯ ಚರ್ಚಿಗೆ ಬಣ್ಣ ಹೊಡೆಸುವ ಮಾತು ಬಂದಿತ್ತು. ಒಳಗೋಡೆಗೆ ಮೊದಲು ಯಾವ ಬಣ್ಣ ಇತ್ತು ನೋಡಿಕೊಡಿ ಅಂತ ಸಭೆಯವರು ನನ್ನನ್ನು ಕರೆದರು. ಚರ್ಚ್ ನೋಡಿಕೊಳ್ಳುವ ತಾತ ಬಾಗಿಲಲ್ಲೇ ಹೇಳಿದರು: "ನಾನು ಹುಡುಗನಾಗಿದ್ದಾಗಿಂದ ಬಿಳೀನೇ ಇದೆಯಮ್ಮ."

ಮೊದಲ ದಿನ ತಪ್ಪು ಜಾಗ ಆರಿಸಿದೆ. ಕೈಗೆ ಸಿಗುತ್ತದೆ ಅಂತ ಕಿಟಕಿ ಪಕ್ಕ ಕೆರೆದರೆ ನಾಲ್ಕೇ ಪದರ, ಕೆಳಗೆ ಸಿಮೆಂಟ್. ಮಳೆನೀರಿಗೆ ಗಾರೆ ಉದುರಿ, ಆಮೇಲೆ ಮೆತ್ತಿದ ಜಾಗ ಅದು. ಹಳೇ ಬಣ್ಣ ಬೇಕಾದರೆ ಯಾರೂ ಕೈ ಹಾಕದ ಮೂಲೆ ಹುಡುಕಬೇಕು. ತಾತನೇ ಗೋಡೆಗೆ ಒತ್ತಿಟ್ಟಿದ್ದ ಬೀರು ಸರಿಸಿಕೊಟ್ಟರು.

ಅಲ್ಲಿ ಸಣ್ಣ ಬ್ಲೇಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದೆ. ಒಂಬತ್ತು ಪದರ! ಬಿಳಿ, ಕೆನೆ, ತಿಳಿ ಹಸಿರು, ಮತ್ತೆ ಬಿಳಿ, ಹೀಗೇ ಸಾಗಿ ಕೆಳಗೆ ನೀಲಿ. ಅದರಡಿಯಲ್ಲಿ ಇನ್ನೊಂದು ಬಿಳಿ, ಆಮೇಲೆ ಗಾರೆ.

ಎಲ್ಲಕ್ಕಿಂತ ಕೆಳಗಿರುವುದೇ ಮೊದಲ ಬಣ್ಣ ಅಲ್ವಾ ಅನ್ನಿಸುತ್ತದೆ. ಹಾಗೆ ಹೇಳಿಬಿಡಬಾರದು. ಒಂದು ಚೂರನ್ನು ರೆಸಿನ್ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿ, ಉಜ್ಜಿ, ಮೈಕ್ರೋಸ್ಕೋಪಿನಡಿ ನೋಡಿದೆ. ನಾನು ಹುಡುಕಿದ್ದು ಬಣ್ಣವನ್ನಲ್ಲ, ಕೊಳೆಯನ್ನು. ವರ್ಷಗಟ್ಟಲೆ ಜನರ ಕಣ್ಣಿಗೆ ಬಿದ್ದ ಬಣ್ಣದ ಮೇಲೆ ಧೂಳು, ಮಸಿ ಕೂತಿರುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದಿಂದ ಧೂಳು ಗಾಳಿಗೆ ಹಾರುವ ಊರಲ್ಲಂತೂ ಕೇಳಲೇಬೇಡಿ. ಕೆಳಗಿನ ಬಿಳಿಯ ಮೇಲೆ ಕೊಳೆಯೇ ಇರಲಿಲ್ಲ. ನೀಲಿಯ ಮೇಲೆ ಮಾತ್ರ ದಪ್ಪ ಕಪ್ಪು ಗೆರೆ. ಅಂದರೆ ಬಿಳಿ ಬರೀ ತಳಕ್ಕೆ ಹೊಡೆದದ್ದು, ಜನ ನೋಡಿದ್ದು ನೀಲಿ. ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟ್ ಬಂದದ್ದು 1902ರಲ್ಲಿ. ಮಸಿ ಅದಕ್ಕೂ ಹಿಂದಿನ ದೀಪಗಳದ್ದು ಅನ್ನುವ ಆಸೆ ನನಗೂ ಆಯಿತು. ಆದರೆ ಮೇಣದಬತ್ತಿ ಆಮೇಲೂ ಉರಿದಿದೆ. ಮಸಿ ನೋಡಿ ವರ್ಷ ಹೇಳಲಿಲ್ಲ.

ನೀಲಿ ಯಾವುದು? ಪ್ರಷ್ಯನ್ ನೀಲಿ ಸುಣ್ಣದಲ್ಲಿ ನಿಲ್ಲುವುದಿಲ್ಲ, ಕಂದು ಬಣ್ಣಕ್ಕೆ ತಿರುಗುತ್ತದೆ; ಹಾಗಾಗಿ ಅದಲ್ಲ. ಒಂದು ಚೂರಿಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟೆ. ಸುಣ್ಣ ನೊರೆಯುಕ್ಕಿತು, ನೀಲಿ ಮಾಯವಾಯಿತು, ಕೊಳೆತ ಮೊಟ್ಟೆಯ ವಾಸನೆ ಬಂತು. ಅಲ್ಟ್ರಾಮರೀನ್! ಹಿಂದೆ ಬಿಳಿ ಬಟ್ಟೆಗೆ ಹಾಕುತ್ತಿದ್ದ ಅದೇ ನೀಲಿ.

ಸಂಜೆ ದೀಪ ಆರಿಸಿ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದೆ. ಸುಣ್ಣದಡಿಯಿಂದ ಎಲೆಬಳ್ಳಿಯ ಅಂಚು ಉಬ್ಬಿ ಕಂಡಿತು. ಅಚ್ಚಿಟ್ಟು ಬರೆದದ್ದು, ಒಂದೇ ಎಲೆ, ಒಂದೇ ಅಂತರ. ತಾತ ಬೆರಳಿಂದ ಸವರುತ್ತಾ ಗೋಡೆಯುದ್ದಕ್ಕೂ ನಡೆದರು.

ಕೆರೆದ ಜಾಗಕ್ಕೆ ಬಣ್ಣ ಹೊಡೆಯಬೇಡಿ, ಮುಂದೆ ನೋಡುವವರಿಗೆ ಬೇಕು ಅಂತ ಸಭೆಯವರನ್ನು ಕೇಳಿಕೊಂಡೆ. ಬೀರುವನ್ನು ಈಗ ಗೋಡೆಯಿಂದ ಒಂದು ಮೊಳ ಈಚೆಗೆ ಇಟ್ಟಿದ್ದಾರೆ.